ಗೌರಿ ಹುಣ್ಣಿಮೆಯ ಸಕ್ಕರೆ ಆರತಿ: ಸುರಪುರದ ಪ್ಯಾಟಿಯಲ್ಲಿ ಏನು ನೋಡಿ ಕೊಳ್ಳಬೇಕು

ದೀಪಾವಳಿ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳು ಅಂದು ಸಂಜೆ ಸಕ್ಕರೆ ಆರತಿಯ ತಾಟು ಹಿಡಿದು ಗೌರಿಯನ್ನು ಬೆಳಗಲು ಹೊರಡುತ್ತಾರೆ. ಸುರಪುರದ ಪ್ಯಾಟಿಯಲ್ಲಿ ಹಬ್ಬಕ್ಕೆ ಇನ್ನೂ ದಿನ ಇರುವಾಗಲೇ ಆನೆ, ಒಂಟೆ, ನವಿಲು, ಗಿಳಿ, ಬಸವಣ್ಣ, ತೇರು, ಮಂಟಪ ಎಂದು ಸಕ್ಕರೆಯ ಗೊಂಬೆಗಳು ಸಾಲಾಗಿ ಕೂರುತ್ತವೆ. ದೂರದಿಂದ ನೋಡಿದರೆ ಎಲ್ಲ ಅಂಗಡಿಯ ಮಾಲೂ ಒಂದೇ. ಕೈಯಲ್ಲಿ ಹಿಡಿದಾಗಲೇ ಚಲೋ ಯಾವುದು, ಕಳಪೆ ಯಾವುದು ಗೊತ್ತಾಗುವುದು.

ಮೊದಲು ಆನೆಯ ಸೊಂಡಿಲಿನ ತುದಿ ನೋಡಿ. ನವಿಲಾದರೆ ಕೊಕ್ಕು. ಅಚ್ಚಿನೊಳಗೆ ಅತಿ ಸಣ್ಣ ಜಾಗ ಅದು. ಪಾಕ ಹದವಾಗಿದ್ದಾಗ ಹೊಯ್ದಿದ್ದರೆ ತುದಿಯವರೆಗೂ ಇಳಿದು ಚೂಪಾಗಿ ನಿಂತಿರುತ್ತದೆ. ಪಾಕ ಮೀರಿದ್ದರೆ ಅಲ್ಲಿಗೆ ಹೋಗಿ ಮುಟ್ಟುವ ಮೊದಲೇ ಹರಳುಗಟ್ಟಿ, ತುದಿ ಮೊಂಡಾಗಿ ಉಳಿಯುತ್ತದೆ. ಆಮೇಲೆ ಗೊಂಬೆಯ ಬುಡಕ್ಕೆ ಬೆರಳು ಒತ್ತಿ. ಅಂಟು ಹತ್ತಿದರೆ ಪಾಕ ಇನ್ನೂ ಎಳೆಯದಾಗಿದ್ದಾಗಲೇ ಹೊಯ್ದಿದ್ದಾರೆ ಎಂದೇ ಅರ್ಥ. ಅಂಥ ಗೊಂಬೆ ರಾತ್ರಿ ಕಳೆಯುವುದರೊಳಗೆ ಬೆವೆತು ತಾಟಿಗೆ ಅಂಟುತ್ತದೆ. ಎರಡು ಅಚ್ಚು ಕೂಡಿದ ಗೆರೆ ಕೂದಲಿನಷ್ಟು ಸಣ್ಣಗಿರಬೇಕು. ದಪ್ಪ ಅಂಚು ಕಂಡರೆ ಅಚ್ಚು ಸವೆದಿದೆ, ಇಲ್ಲವೇ ಸಡಿಲು ಕಟ್ಟಿದ್ದಾರೆ. ಬೀಳಿಸಿದಾಗ ಗೊಂಬೆ ಮೊದಲು ಸೀಳುವುದು ಆ ಗೆರೆಯಲ್ಲೇ.

ಮಾಡುವ ಬಗೆ ತಿಳಿದಿದ್ದರೆ ಈ ಪರೀಕ್ಷೆ ತಾನಾಗಿ ಬರುತ್ತದೆ. ಕಿಲೋ ಸಕ್ಕರೆಗೆ ಸುಮಾರು 400 ಮಿಲಿ ನೀರು. ಕುದಿ ಬಂದಾಗ ಎರಡು ಚಮಚ ಹಾಲು ಬಿಡುತ್ತಾರೆ. ಹಾಲು ಒಡೆದು ಮೇಲೆ ನೊರೆಯಾಗಿ ತೇಲುವಾಗ ಸಕ್ಕರೆಯ ಕೊಳೆಯನ್ನೂ ಹಿಡಿದುಕೊಂಡು ಬರುತ್ತದೆ. ಆ ನೊರೆಯನ್ನು ತಾಳ್ಮೆಯಿಂದ ಪೂರ್ತಿ ತೆಗೆದವರ ಗೊಂಬೆ ಹಾಲುಗಲ್ಲಿನಂತೆ ಬೆಳ್ಳಗಿರುತ್ತದೆ. ಅವಸರ ಮಾಡಿದವರದು ಮಾಸಲು. ಪಾಕವನ್ನು ನೀರಿಗೆ ಒಂದು ಹನಿ ಬಿಟ್ಟರೆ ಬೆರಳಲ್ಲಿ ಉಂಡೆಯಾಗಿ ಸಿಗಬೇಕು. ಆಗ ಸ್ವಲ್ಪ ಸ್ವಲ್ಪವನ್ನೇ ಸಣ್ಣ ಪಾತ್ರೆಗೆ ತೆಗೆದು, ಕಟ್ಟಿಗೆಯ ಸೌಟಿನಿಂದ ಪಾತ್ರೆಯ ಗೋಡೆಗೆ ಉಜ್ಜುತ್ತಾರೆ. ಕನ್ನಡಿಯಂಥ ಪಾಕ ಮಬ್ಬಾಗಿ ಬೆಳ್ಳಗೆ ತಿರುಗಿದ ಕ್ಷಣವೇ ಹೊಯ್ಯುವ ಹೊತ್ತು. ಉಜ್ಜುವುದು ಕಡಿಮೆಯಾದರೆ ಗೊಂಬೆ ಜಿಗುಟು, ಹೆಚ್ಚಾದರೆ ಪಾತ್ರೆಯಲ್ಲೇ ರವೆಯಂತೆ ಉದುರುತ್ತದೆ. ಕೆಲಸಗಾರರ ಕೈಚಳಕಕ್ಕೆ ಬೆಲೆ ಕೊಡುವುದು ಈ ಒಂದು ಕ್ಷಣಕ್ಕೆ, ಮತ್ತು ಅದು ಕೊಡಲೇಬೇಕಾದ ಬೆಲೆ.

ಕೆಲವರು ಬೆಳ್ಳಗಾಗಲಿ ಎಂದು ನಿಂಬೆರಸ ಹಿಂಡುತ್ತಾರೆ. ತಪ್ಪು. ಹುಳಿ ಸಕ್ಕರೆಯನ್ನು ಒಡೆಯುತ್ತದೆ, ಒಡೆದ ಸಕ್ಕರೆ ಹರಳುಗಟ್ಟುವುದಿಲ್ಲ. ಕಾರ್ತಿಕದಲ್ಲಿ ಅಕಾಲ ಮಳೆ ಬಂದರೆ ಆ ಗೊಂಬೆಗಳೇ ಮೊದಲು ಕರಗುತ್ತವೆ.

ಅಚ್ಚು ಸಾಗವಾನಿಯದು, ಎರಡು ಇಲ್ಲವೇ ಮೂರು ತುಂಡು. ಹೊಯ್ಯುವ ಮೊದಲು ತಾಸುಗಟ್ಟಲೆ ನೀರಲ್ಲಿ ನೆನೆಸಿ, ಒರೆಸಿ, ದಾರ ಬಿಗಿದು ಕಟ್ಟುತ್ತಾರೆ. ನೀರು ಕುಡಿದ ಕಟ್ಟಿಗೆ ಪಾಕವನ್ನು ಕುಡಿಯುವುದಿಲ್ಲ, ಗೊಂಬೆ ಸಲೀಸಾಗಿ ಬಿಡುತ್ತದೆ. ಒರೆಸದೆ ಹೊಯ್ದರೆ ಮೈಮೇಲೆ ಸಿಡುಬಿನಂಥ ಕಲೆ ಬೀಳುತ್ತದೆ. ಅಚ್ಚಿನ ಗೋಡೆಗೆ ತಾಗಿದ ಪಾಕ ಮೊದಲು ಗಟ್ಟಿಯಾಗುತ್ತದೆ. ಒಳಗೆ ಇನ್ನೂ ನೀರಾಗಿದ್ದನ್ನು ಬಗ್ಗಿಸಿ ತೆಗೆದರೆ ಟೊಳ್ಳು ಗೊಂಬೆ. ಟೊಳ್ಳು ಎಂದರೆ ಮೋಸ ಅಂತ ತಿಳಿಯಬೇಡಿ, ತೂಕದ ಲೆಕ್ಕದಲ್ಲಿ ಮಾರುವುದರಿಂದ ಅದೇ ರೊಕ್ಕಕ್ಕೆ ಹೆಚ್ಚು ಗೊಂಬೆ ಸಿಗುತ್ತವೆ. ಗೋಡೆ ಕಿರುಬೆರಳಿನ ದಪ್ಪ ಇರಲಿ, ಅಷ್ಟು ಸಾಕು. ತೇರು, ಮಂಟಪದಂಥ ಎತ್ತರದವು ಮಾತ್ರ ಗಟ್ಟಿಯಾಗಿಯೇ ಇರಬೇಕು, ಇಲ್ಲದಿದ್ದರೆ ತಾಟು ಹಿಡಿದು ನಡೆಯುವಾಗ ಕುತ್ತಿಗೆಗೆ ಮುರಿಯುತ್ತವೆ.

ಬಣ್ಣದ ವಿಷಯದಲ್ಲಿ ನಮ್ಮ ಮಾತು ಖಡಕ್ಕು: ಬಿಳಿಯದೇ ಕೊಳ್ಳಿ. ಹಬ್ಬ ಮುಗಿದ ಮೇಲೆ ಮಕ್ಕಳ ಬಾಯಿಗೆ ಹೋಗುವುದು ಇದೇ. ತಿಳಿ ಹಳದಿ, ತಿಳಿ ಕೇಸರಿ ಪರವಾಗಿಲ್ಲ. ಕಣ್ಣಿಗೆ ಕುಕ್ಕುವ ಗುಲಾಬಿ ಬೇಡ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಸಬಾರದೆಂದು ಆದೇಶ ಹೊರಡಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ, ತಿನ್ನುವ ಯಾವ ವಸ್ತುವಿಗೂ ಸಲ್ಲದು.

ಈ ತಾಟಿಗೆ ಇನ್ನೊಂದು ಕೆಲಸವಿದೆ. ಮದುವೆ ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಸೀರೆ, ಬಳೆ, ಹೂವಿನ ದಂಡೆಯ ಜೊತೆ ಸಕ್ಕರೆ ಆರತಿ ತರುತ್ತಾರೆ. ಹಾಗೆ ಕೊಡುವವರು ಅಂಗಡಿಯಲ್ಲಿ ಉಳಿದದ್ದನ್ನು ಆರಿಸದೆ, ಮಾಡುವವರ ಮನೆಗೇ ಹೋಗಿ ವಾರ ಮೊದಲು ಹೇಳಿಡುವುದು ಮೇಲು. ತೇರು, ಜೋಡಿ ನವಿಲು, ಆನೆ ಒಂದೇ ಕೈಯಲ್ಲಿ ಹೊಯ್ದವಾಗಿದ್ದರೆ ಬಿಳುಪು ಒಂದೇ ಸಮ ಬರುತ್ತದೆ. "ಕಾಕಾ, ಯಾವತ್ತು ಹೊಯ್ದದ್ರಿ?" ಎಂದು ಕೇಳಲು ಸಂಕೋಚ ಬೇಡ. ನಿನ್ನೆ ಮೊನ್ನೆಯದಾದರೆ ಕೊಳ್ಳಿ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಬರುವವರಲ್ಲಿ ಬರವಣಿಗೆಯವರೂ ಇರುತ್ತಾರೆ. ಆ ಬಂಗಲೆಯನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಬಂದು 1853ರವರೆಗೆ ಸಂಸ್ಥಾನದ ಆಡಳಿತ ನೋಡಿದ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಟೇಲರ್ ಇತಿಹಾಸದಲ್ಲಿ ಪ್ರೇಮವನ್ನು ಬೆಸೆದ ಕಾದಂಬರಿಕಾರನೂ ಹೌದು. ಆದರೆ ಇಲ್ಲಿನ ವರ್ಷಗಳು ಕಚೇರಿ ಕೆಲಸಕ್ಕೇ ಹೋದವು. ಅವನ ದೊಡ್ಡ ಐತಿಹಾಸಿಕ ಕಾದಂಬರಿಗಳು 1860ರಲ್ಲಿ ಭಾರತ ಬಿಟ್ಟ ಮೇಲೆ, 1863ರಿಂದ ಈಚೆಗೆ ಅಚ್ಚಾದವು. ಆ ಕಾಲದ ಸುರಪುರದ ಪ್ರೇಮಕಥೆ ಬರೆಯುವವರಿಗೆ ಬೀಗರು ತರುವ ಈ ತಾಟಿಗಿಂತ ಚಂದದ ದೃಶ್ಯ ಸಿಗಲಿಕ್ಕಿಲ್ಲ. ಆದರೆ ಗುಲಾಬಿ ಗೊಂಬೆ ಇಡಬೇಡಿ: ರಾಸಾಯನಿಕ ಬಣ್ಣಗಳ ಕಾಲ ಶುರುವಾದದ್ದೇ 1856ರಲ್ಲಿ, ಲಂಡನ್ನಿನ ವಿಲಿಯಂ ಪರ್ಕಿನ್ ಕೈಯಲ್ಲಿ. ಇವತ್ತಿನ ಗಿರಣಿ ಸಕ್ಕರೆಯ ಬಿಳುಪೂ ಆಗಿನದಲ್ಲ.

ಊರಿಗೆ ಒಯ್ಯುವಾಗ ಡಬ್ಬಿಯ ತಳಕ್ಕೆ ಚುರುಮುರಿ ಹಾಸಿ, ಗೊಂಬೆ ಮಲಗಿಸಿ, ಸಂದುಗಳಿಗೂ ಚುರುಮುರಿಯನ್ನೇ ತುಂಬಿ. ಬಸ್ಸಿನ ಕುಲುಕಾಟಕ್ಕೆ ಹತ್ತಿಗಿಂತ ಇದು ಚಲೋ, ಎಳೆ ಅಂಟುವುದಿಲ್ಲ. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವರುತ್ತವೆ. ಫ್ರಿಡ್ಜಿನಲ್ಲಂತೂ ಇಡಲೇಬಾರದು, ಹೊರಗೆ ತೆಗೆದ ತಕ್ಷಣ ಮೈಮೇಲೆ ನೀರು ಕೂತು ಕಣ್ಣು ಮೂಗು ಕರಗುತ್ತವೆ. ತಾಟಿನಲ್ಲಿ ಅಕ್ಕಿ ಹರಡಿ ಅದರಲ್ಲಿ ಗೊಂಬೆಯ ಬುಡ ಊರಿದರೆ ಅಲುಗಾಡುವುದಿಲ್ಲ. ಹಣತೆಗೂ ಗೊಂಬೆಗೂ ನಾಲ್ಕು ಬೆರಳು ಅಂತರ ಬಿಡಿ, ಇಲ್ಲದಿದ್ದರೆ ಉರಿ ಬಡಿದ ಕಡೆ ಸಕ್ಕರೆ ಕಂದಿ ಜಿನುಗುತ್ತದೆ.

ಹೊಸ ಅಚ್ಚು ಕೊಂಡು ಮನೆಯಲ್ಲೇ ಮಾಡುವ ಆಸೆ ಇದ್ದವರು ಮೊದಲ ವರ್ಷ ಗಿಳಿ, ಬಸವಣ್ಣನಂಥ ದುಂಡನೆಯ ಅಚ್ಚು ತೆಗೆದುಕೊಳ್ಳಲಿ. ಸೊಂಡಿಲು, ಕೊಕ್ಕು ಕೈ ಪಳಗಿದ ಮೇಲೆ. ಹೊಯ್ದ ಹತ್ತು ನಿಮಿಷಕ್ಕೆ ದಾರ ಬಿಚ್ಚಬಹುದು. ಬಿಟ್ಟುಬರದಿದ್ದರೆ ಚಾಕು ಹಾಕದೆ, ಅಚ್ಚಿನ ಬೆನ್ನಿಗೆ ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿ. ಮುರಿದದ್ದನ್ನು ಮತ್ತೆ ನೀರು ಬಿಟ್ಟು ಕಾಯಿಸಿದರೆ ಇನ್ನೊಮ್ಮೆ ಹೊಯ್ಯಬಹುದು, ಆದರೆ ಎರಡು ಸಲ ಕಾದ ಸಕ್ಕರೆ ಹಳದಿ ತಿರುಗುತ್ತದೆ.

ಬೆಳಗಿದ ಗೊಂಬೆಗಳನ್ನು ಮಸಿ, ಎಣ್ಣೆ ತಾಗಿದ ಭಾಗ ಕೆತ್ತಿ ತೆಗೆದು, ಕುಟ್ಟಿ ಡಬ್ಬಿಯಲ್ಲಿಡಿ. ಚಹಾಕ್ಕೆ, ಸಜ್ಜಕಕ್ಕೆ ಸಕ್ಕರೆಯ ಅಳತೆಗೇ ಹಾಕಬಹುದು.