ಮೂರು ಸ್ಟಾರಾ, ಐದು ಸ್ಟಾರಾ? ಡೊಂಬಿವಲಿ ಮನೆ, ಪುಣೆ ಮನೆ ಲೆಕ್ಕ

ಹೊಸ ಫ್ರಿಜ್ಜೋ ಎಸಿಯೋ ತಗೊಳ್ಳುವಾಗ ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಕಣ್ಣು ಮುಚ್ಚಿ ಫೈವ್ ಸ್ಟಾರ್ ತಗೊಳ್ಳಿ, ಸ್ಟಾರ್ ಜಾಸ್ತಿಯಾದಷ್ಟು ಕರೆಂಟು ಕಮ್ಮಿ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಅಕ್ಕನ ಮನೆ ಪುಣೆಯ ಕೋಥ್ರುಡ್‌ನಲ್ಲಿ. ಎರಡೂ ಕಡೆ ಬೇರೆ ಬೇರೆ ಸ್ಟಾರಿನ ಸಾಮಾನು ಓಡುತ್ತಿವೆ. ಮೀಟರ್ ನೋಡಿ, ಬಿಲ್ ಪಕ್ಕಪಕ್ಕ ಇಟ್ಟು, ಅಕ್ಕನ ಜೊತೆ ಫೋನಿನಲ್ಲಿ ವಾದ ಮಾಡಿ ಸಿಕ್ಕಿದ ಲೆಕ್ಕ ಇದು. ಕೆಲವು ಸಾಮಾನಿನಲ್ಲಿ ಐದು ಸ್ಟಾರಿಗೆ ಕೊಟ್ಟ ಹಣ ಬೇಗ ವಾಪಸ್ ಬರುತ್ತದೆ. ಕೆಲವದರಲ್ಲಿ ಸಾಮಾನು ಹಾಳಾಗುವ ತನಕವೂ ಬರುವುದಿಲ್ಲ. ಯಾವುದು ಯಾವುದು ಅಂತ ಗೊತ್ತಾಗಬೇಕಾದರೆ ಸ್ಟಾರ್ ಎಣಿಸಿದರೆ ಸಾಲದು, ಸಾಮಾನಿಗೆ ಅಂಟಿಸಿದ ಸ್ಟಾರ್ ಚೀಟಿಯ ಮೇಲಿನ ಯುನಿಟ್ ಸಂಖ್ಯೆ ಓದಬೇಕು.

ಮೊದಲು ಚೀಟಿಯ ವಿಷಯ. ಇದು ಕಂಪನಿಯವರು ತಮ್ಮ ಪಾಡಿಗೆ ಅಂಟಿಸುವ ಜಾಹೀರಾತು ಅಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ಬಿಇಇ ಅಂತ ಒಂದು ಸಂಸ್ಥೆ ಮಾಡಿತು, ಪೂರ್ತಿ ಹೆಸರು ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ. ಸ್ಟಾರ್ ಚೀಟಿ ಶುರುವಾದದ್ದು 2006ರಲ್ಲಿ, ಆಗ ಬೇಕಾದವರು ಹಾಕಬಹುದಿತ್ತು. 2010ರಲ್ಲಿ ಎಸಿ, ಫ್ರಾಸ್ಟ್ ಫ್ರೀ (ಮಂಜು ತಾನಾಗಿ ಕರಗುವ) ಫ್ರಿಜ್, ಟ್ಯೂಬ್‌ಲೈಟ್‌ಗಳಿಗೆ ಕಡ್ಡಾಯವಾಯಿತು. ಇನ್ವರ್ಟರ್ ಎಸಿಗೆ (ಬೇಕಾದ ಹಾಗೆ ಕಂಪ್ರೆಸರ್ ವೇಗ ಏರಿಳಿಸುವಂಥದ್ದು) 2018ರಲ್ಲಿ, ಸೀಲಿಂಗ್ ಫ್ಯಾನಿಗೆ 2023ರ ಜನವರಿಯಲ್ಲಿ. ಕಡ್ಡಾಯ ಅಂದರೆ ಒಂದು ಸ್ಟಾರಿಗಾದರೂ ಸಾಲುವಷ್ಟು ಇಲ್ಲದ ಸಾಮಾನನ್ನು ಮಾರುವ ಹಾಗೇ ಇಲ್ಲ. ನನಗೆ ಈ ನಿಯಮದ ಬಗ್ಗೆ ನಿಜಕ್ಕೂ ಗೌರವ ಇದೆ. ಇಪ್ಪತ್ತು ವರ್ಷದ ಹಿಂದೆ ಅಂಗಡಿಯವನ ಬಾಯಿಮಾತು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಫ್ರಿಜ್ಜಿನಿಂದ ಶುರು ಮಾಡುತ್ತೇನೆ, ಯಾಕಂದರೆ ಜಗಳ ಶುರುವಾದದ್ದೇ ಅಲ್ಲಿಂದ. ಅಕ್ಕನದ್ದು ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ (ಮಂಜನ್ನು ನಾವೇ ಕರಗಿಸಬೇಕಾದ ಜಾತಿ), ಐದು ಸ್ಟಾರ್. ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ, ಮೂರು ಸ್ಟಾರ್. "ನಿಮ್ಮದು ಬರೀ ಮೂರು ಸ್ಟಾರ್ ಮಾರಾಯ್ತಿ, ಅಷ್ಟು ದುಡ್ಡು ಕೊಟ್ಟು ಯಾಕೆ ತಂದೆ?" ಅಂತ ಅಕ್ಕ. ಆದರೆ ಈ ಎರಡರ ಸ್ಟಾರನ್ನು ಒಂದಕ್ಕೊಂದು ಹೋಲಿಸುವ ಹಾಗೇ ಇಲ್ಲ. ಡೈರೆಕ್ಟ್ ಕೂಲ್‌ಗೆ ಬೇರೆ ಪಟ್ಟಿ, ಫ್ರಾಸ್ಟ್ ಫ್ರೀಗೆ ಬೇರೆ ಪಟ್ಟಿ. ಅದರ ಮೇಲೆ ಸ್ಟಾರ್ ಕೊಡುವಾಗ ಫ್ರಿಜ್ಜಿನ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಐದು ಸ್ಟಾರಿನ ದೊಡ್ಡ ಫ್ರಿಜ್ ಮೂರು ಸ್ಟಾರಿನ ಸಣ್ಣ ಫ್ರಿಜ್ಜಿಗಿಂತ ಜಾಸ್ತಿ ಕರೆಂಟು ತಿನ್ನಬಹುದು, ಅದರಲ್ಲಿ ಮೋಸ ಏನೂ ಇಲ್ಲ. ಅಕ್ಕನ ಚೀಟಿಯಲ್ಲಿ ವರ್ಷಕ್ಕೆ ನೂರಿಪ್ಪತ್ತರ ಆಸುಪಾಸು ಯುನಿಟ್, ನಮ್ಮದರಲ್ಲಿ ಇನ್ನೂರರ ಹತ್ತಿರ. ಚೀಟಿ ಪ್ರಕಾರ ಅಕ್ಕನೇ ಗೆದ್ದಳು.

ಇಲ್ಲಿ ಊರಿನ ಹವೆ ಅಡ್ಡ ಬರುತ್ತದೆ. ಡೈರೆಕ್ಟ್ ಕೂಲ್‌ನಲ್ಲಿ ಫ್ರೀಜರ್ ಸುತ್ತ ಮಂಜು ಕಟ್ಟುತ್ತದೆ, ಅದನ್ನು ಆಗಾಗ ನಾವೇ ಕರಗಿಸಬೇಕು. ಆ ಮಂಜಿಗೆ ನೀರು ಎಲ್ಲಿಂದ ಬರಬೇಕು? ಬಾಗಿಲು ತೆಗೆದಾಗ ಒಳಗೆ ನುಗ್ಗುವ ಗಾಳಿಯಿಂದಲೇ. ಪುಣೆಯಲ್ಲಿ ಮಳೆಗಾಲ ಬಿಟ್ಟರೆ ಗಾಳಿ ಒಣ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಪ್ಪಳದ ಡಬ್ಬಿ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಹಪ್ಪಳ ಮೆತ್ತಗಾಗಿರುತ್ತದೆ. ಈಗಿನ ಫ್ರಿಜ್ಜಿಗೆ ಮೊದಲು ನಮ್ಮಲ್ಲೂ ಡೈರೆಕ್ಟ್ ಕೂಲ್ ಇತ್ತು. ಮಳೆಗಾಲದಲ್ಲಿ ಫ್ರೀಜರ್ ಗೋಡೆಯ ಮಂಜು ದಪ್ಪವಾಗುತ್ತಾ ಬಂದು, ಐಸ್ ಟ್ರೇ ಅಂಟಿಕೊಂಡು, ಮೀನಿನ ಡಬ್ಬಿ ಹೊರಗೆ ತೆಗೆಯಲು ಚಮಚದ ಹಿಡಿಯಿಂದ ಕುಟ್ಟಬೇಕಾಗುತ್ತಿತ್ತು. ಮಂಜು ದಪ್ಪವಾದ ಹಾಗೆ ತಂಪು ಒಳಗೆ ದಾಟುವುದಿಲ್ಲ, ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ, ಚೀಟಿಯ ನೂರಿಪ್ಪತ್ತು ಚೀಟಿಯಲ್ಲೇ ಉಳಿಯುತ್ತದೆ. ತಪ್ಪದೆ ಡಿಫ್ರಾಸ್ಟ್ ಮಾಡುವವರಿಗೆ, ಇಬ್ಬರೇ ಇರುವ ಮನೆಗೆ, ಪುಣೆಯಂಥ ಊರಿಗೆ ಡೈರೆಕ್ಟ್ ಕೂಲ್ ಐದು ಸ್ಟಾರ್ ಒಳ್ಳೆಯದೇ. ಸಮುದ್ರದ ಗಾಳಿ ಇರುವ ಕಡೆ, ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ಮನೆಗೆ ಮೂರು ಸ್ಟಾರಿನ ಫ್ರಾಸ್ಟ್ ಫ್ರೀ ವಾಸಿ. ಫ್ರಿಜ್ ವರ್ಷವಿಡೀ ಆಫ್ ಆಗದೆ ಓಡುವ ಸಾಮಾನು, ಆದ್ದರಿಂದ ಒಂದೇ ಗಾತ್ರ, ಒಂದೇ ಜಾತಿಯ ಎರಡರ ನಡುವೆ ಆರಿಸುವಾಗ ಮಾತ್ರ ಜಾಸ್ತಿ ಸ್ಟಾರಿನದ್ದನ್ನೇ ಹಿಡಿಯಿರಿ.

ಈಗ ಎಸಿ. ದುಡ್ಡು ಜಾಸ್ತಿ ಹೋಗುವುದೂ ಇಲ್ಲೇ, ತಪ್ಪು ಸಲಹೆ ಜಾಸ್ತಿ ಸಿಗುವುದೂ ಇಲ್ಲೇ. ನಮ್ಮ ಬೆಡ್‌ರೂಮಿನಲ್ಲಿ ಒಂದೂವರೆ ಟನ್ನಿನ ಐದು ಸ್ಟಾರ್ ಇನ್ವರ್ಟರ್, ಅಕ್ಕನ ಮನೆಯಲ್ಲಿ ಅದೇ ಗಾತ್ರದ ಮೂರು ಸ್ಟಾರ್, ಅದೂ ಇನ್ವರ್ಟರ್. ನಮ್ಮ ಚೀಟಿಯಲ್ಲಿ ವರ್ಷಕ್ಕೆ ಸುಮಾರು 750 ಯುನಿಟ್, ಅವರದ್ದರಲ್ಲಿ ಸುಮಾರು 960. ವ್ಯತ್ಯಾಸ 210. ಈ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಎಸಿ ವರ್ಷಕ್ಕೆ 1600 ಗಂಟೆ ಓಡುತ್ತದೆ ಅಂತ ಇಟ್ಟುಕೊಂಡು, ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿ ತನಕ ಏರಿಳಿಯುವ ಹಾಗೆ ಲೆಕ್ಕ ಹಾಕಿ ಕೊಟ್ಟದ್ದು. ಇದೇ ಲೆಕ್ಕದಿಂದ ಐಸೀರ್ (ISEER) ಅನ್ನುವ ಇನ್ನೊಂದು ಸಂಖ್ಯೆಯೂ ಬರುತ್ತದೆ, ಚೀಟಿಯಲ್ಲೇ ಬರೆದಿರುತ್ತದೆ. ಎಷ್ಟು ಕರೆಂಟಿಗೆ ಎಷ್ಟು ತಂಪು ಅನ್ನುವುದರ ಇಡೀ ವರ್ಷದ ಸರಾಸರಿ ಅದು.

1600 ಗಂಟೆ ಅಂದರೆ ದಿನಕ್ಕೆ ಎಂಟು ಗಂಟೆಯ ಹಾಗೆ ಇನ್ನೂರು ದಿನ. ನಮ್ಮಲ್ಲಿ ಅಷ್ಟು ಆಗುತ್ತದೆ. ಮಾರ್ಚ್‌ನಿಂದ ಮೇ ತನಕ ರಾತ್ರಿಯಿಡೀ ಬೇಕು, ಮಳೆಗಾಲದಲ್ಲೂ ಅಂಟು ಹೋಗಲಿ ಅಂತ ಹಾಕುತ್ತೇವೆ, ಅಕ್ಟೋಬರ್ ಬಿಸಿಲಿಗೆ ಮತ್ತೆ. ಪುಣೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಸುಡುತ್ತದೆ ನಿಜ, ಆದರೆ ರಾತ್ರಿ ಕಿಟಕಿ ತೆಗೆದರೆ ಗಾಳಿ ಬರುತ್ತದೆ. ಅಕ್ಕನ ಮನೆಯಲ್ಲಿ ವರ್ಷಕ್ಕೆ ಐನೂರು ಗಂಟೆ ಓಡಿದರೆ ಹೆಚ್ಚು. ಯುನಿಟ್‌ಗೆ ಹತ್ತು ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯಿರಿ. ನಮಗೆ ಐದು ಸ್ಟಾರಿನಿಂದ ವರ್ಷಕ್ಕೆ ಎರಡು ಸಾವಿರದ ನೂರು ಉಳಿತಾಯ. ಅಕ್ಕನಿಗೆ ಉಳಿಯುತ್ತಿದ್ದದ್ದು ಆರುನೂರೈವತ್ತು. ಅಂಗಡಿಯಲ್ಲಿ ಎರಡರ ಬೆಲೆಗೆ ಏಳೆಂಟು ಸಾವಿರ ವ್ಯತ್ಯಾಸ ಇತ್ತು. ನಮ್ಮದು ನಾಲ್ಕು ವರ್ಷದೊಳಗೆ ಸಂದುಹೋಗುತ್ತದೆ, ಅಕ್ಕನಿಗೆ ಹತ್ತು ವರ್ಷ ದಾಟುತ್ತಿತ್ತು. ಭಾವ ಮೂರು ಸ್ಟಾರ್ ಆರಿಸಿದ್ದು ಜಿಪುಣತನ ಅಂತ ಅಕ್ಕ ಆಗ ಮುನಿಸಿಕೊಂಡಿದ್ದಳು. ನನ್ನ ಪ್ರಕಾರ ಆ ಮನೆಗೆ ಅದೇ ಸರಿ.

ಎಸಿ ವಿಷಯದಲ್ಲಿ ಇನ್ನೊಂದು, ಇದನ್ನು ದಯವಿಟ್ಟು ಗಮನಿಸಿ. ಸ್ಟಾರಿನ ಪಟ್ಟಿ ಯಾವಾಗಲೂ ಒಂದೇ ಇರುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ. 2018ರ ಪಟ್ಟಿಯಲ್ಲಿ ಐಸೀರ್ 4.5 ಇದ್ದರೆ ಐದು ಸ್ಟಾರ್. 2022ರ ಜುಲೈಯಿಂದ ಐದು ಸ್ಟಾರಿಗೆ 5.0 ಬೇಕಾಯಿತು. ಐಸೀರ್ 4.5ರ ಹಳೆಯ ಐದು ಸ್ಟಾರ್ ಎಸಿ ಒಂದೇ ರಾತ್ರಿಯಲ್ಲಿ ನಾಲ್ಕು ಸ್ಟಾರ್ ಆಯಿತು, ಮಷೀನು ಮಾತ್ರ ಅದೇ. ಹಬ್ಬದ ಸೇಲಿನಲ್ಲಿ ಫೈವ್ ಸ್ಟಾರ್ ಇಷ್ಟು ಅಗ್ಗಕ್ಕೆ ಹೇಗೆ ಅಂತ ಅನ್ನಿಸಿದರೆ ಚೀಟಿಯಲ್ಲಿ ವರ್ಷ ನೋಡಿ. ಠಾಣೆ ಊರಿನ ಒಂದು ಅಂಗಡಿಯಲ್ಲಿ ನಮಗೆ ತೋರಿಸಿದ ಐದು ಸ್ಟಾರಿನ ಚೀಟಿ ಹಳೆಯ ಅವಧಿಯದ್ದು, ಪಕ್ಕದಲ್ಲೇ ಇದ್ದ ಹೊಸ ನಾಲ್ಕು ಸ್ಟಾರಿನ ಐಸೀರ್ ಅದಕ್ಕಿಂತ ಜಾಸ್ತಿ ಇತ್ತು, ಬೆಲೆಯೂ ಕಮ್ಮಿ. ಕೇಳಿದ್ದಕ್ಕೆ ಮಾರುವ ಹುಡುಗ "ಸ್ಟಾರ್ ಐದಲ್ವಾ ಮೇಡಂ" ಅಂದ, ಅಷ್ಟೇ.

ಫ್ಯಾನು. ಇಲ್ಲಿ ನನಗೆ ಸಂಶಯವೇ ಇಲ್ಲ, ಐದು ಸ್ಟಾರಿನ, ಕಮ್ಮಿ ಕರೆಂಟು ತಿನ್ನುವ ಹೊಸ ಬಗೆಯ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್ ತಗೊಳ್ಳಿ. ಮುಂಬೈ ಕಡೆ ಫ್ಯಾನ್ ನಿಲ್ಲುವುದು ಕರೆಂಟು ಹೋದಾಗ ಮಾತ್ರ. ನೀವೇ ಪರೀಕ್ಷೆ ಮಾಡಿ ನೋಡಬಹುದು. ನಮ್ಮ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ 3200 ಅಂತ ಬರೆದಿದೆ. ಅಂದರೆ ಆ ದೀಪ 3200 ಸಲ ಮಿಣುಕಿದರೆ ಒಂದು ಯುನಿಟ್. ನಿಮ್ಮದರಲ್ಲಿ ಬೇರೆ ಸಂಖ್ಯೆ ಇರಬಹುದು, ಓದಿಕೊಳ್ಳಿ. ಫ್ರಿಜ್, ರೌಟರ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಆಫ್ ಮಾಡಿ ಒಂದು ಫ್ಯಾನ್ ಮಾತ್ರ ಫುಲ್ ಸ್ಪೀಡಿನಲ್ಲಿ ಬಿಟ್ಟು, ಕೆಳಗೆ ಮೀಟರ್ ಹತ್ತಿರ ಮೊಬೈಲಿನ ಗಡಿಯಾರ ಹಿಡಿದು ನಿಂತೆ. ಹಾಲಿನ ಹಳೆಯ ಫ್ಯಾನಿಗೆ ಹದಿನೈದು ಸೆಕೆಂಡಿಗೊಮ್ಮೆ ಮಿಣುಕು. ಲೆಕ್ಕ ಹಾಕಿದರೆ 75 ವಾಟ್. ಹೊಸ ಬಿಎಲ್‌ಡಿಸಿಗೆ ಮುಂದಿನ ಮಿಣುಕು ಬರಲು ಮೂವತ್ತೇಳು, ಮೂವತ್ತೆಂಟು ಸೆಕೆಂಡ್ ಕಾಯಬೇಕು. 30 ವಾಟ್. ನಮ್ಮ ವಾಚ್‌ಮನ್ ಕೂಡ ಬಂದು ಪಕ್ಕದಲ್ಲಿ ನಿಂತು ಎಣಿಸಿದ. ದಿನಕ್ಕೆ ಹದಿನೈದು ಗಂಟೆ, ವರ್ಷಕ್ಕೆ ಮುನ್ನೂರು ದಿನ ಅಂದರೆ ಒಂದು ಫ್ಯಾನಿನಿಂದ ಇನ್ನೂರು ಯುನಿಟ್ ಉಳಿಯುತ್ತದೆ. ನಮ್ಮ ಎಸಿ ಐದು ಸ್ಟಾರಾಗಿ ಉಳಿಸಿದಷ್ಟನ್ನೇ ಒಂದು ಫ್ಯಾನ್ ಉಳಿಸಿತು!

ಆದರೆ ಅಂಗಡಿಯವರು ಹೇಳುವ ಉಳಿತಾಯ ಯಾವಾಗಲೂ 75 ವಾಟಿನ ಹಳೆಯ ಫ್ಯಾನಿಗೆ ಹೋಲಿಸಿದ್ದು. ನೀವು ಹೊಸ ಮನೆಗೆ ತಗೊಳ್ಳುತ್ತಿದ್ದರೆ ಆ ಲೆಕ್ಕ ಸರಿಹೋಗುವುದಿಲ್ಲ. ಫ್ಯಾನಿನ ಸ್ಟಾರ್ ಕೊಡುವುದು ಒಂದು ವಾಟಿಗೆ ಎಷ್ಟು ಗಾಳಿ ಅನ್ನುವುದರ ಮೇಲೆ. ರೆಕ್ಕೆ ಸುತ್ತುವ ಅಗಲ 1200 ಮಿಲಿಮೀಟರ್ ಇರುವ ಫ್ಯಾನ್ ನಿಮಿಷಕ್ಕೆ ಕನಿಷ್ಠ 210 ಘನ ಮೀಟರ್ ಗಾಳಿ ಕೊಡಬೇಕು. 2023ರ ಪಟ್ಟಿಯಲ್ಲಿ ಒಂದು ಸ್ಟಾರಿಗೆ ವಾಟಿಗೆ ನಾಲ್ಕು ಘನ ಮೀಟರ್, ಐದು ಸ್ಟಾರಿಗೆ ಆರು. ಭಾಗಿಸಿ ನೋಡಿ: ಆ ಪಟ್ಟಿಯ ಒಂದು ಸ್ಟಾರಿನ ಸಾದಾ ಫ್ಯಾನ್ 52 ವಾಟಿನ ಆಸುಪಾಸು. ಹಾಗಾಗಿ ಹೊಸದಕ್ಕೆ ಹೊಸದನ್ನು ಹೋಲಿಸಿದರೆ ಉಳಿಯುವುದು ವರ್ಷಕ್ಕೆ ನೂರು ಯುನಿಟ್. ಆದರೂ ಲಾಭವೇ. ಬಿಎಲ್‌ಡಿಸಿಯ ಕಿರಿಕಿರಿ ಅಂದರೆ ರಿಮೋಟ್. ಗೋಡೆಯ ಹಳೆಯ ರೆಗ್ಯುಲೇಟರಿನಿಂದ ಅದರ ಸ್ಪೀಡ್ ಕಮ್ಮಿ ಮಾಡುವ ಹಾಗಿಲ್ಲ, ರೆಗ್ಯುಲೇಟರ್ ತೆಗೆಸಬೇಕು ಅಥವಾ ಫುಲ್‌ನಲ್ಲಿ ಬಿಡಬೇಕು. ನಮ್ಮ ಅತ್ತೆಯವರಿಗೆ ರಾತ್ರಿ ಕತ್ತಲಲ್ಲಿ ರಿಮೋಟ್ ಹುಡುಕುವುದು ಆಗಲಿಲ್ಲ, ಅವರ ರೂಮಿಗೆ ಸಾದಾ ಫ್ಯಾನನ್ನೇ ಮತ್ತೆ ಹಾಕಿಸಿದೆವು. ವಯಸ್ಸಾದವರ ನಿದ್ದೆಗಿಂತ ನೂರು ಯುನಿಟ್ ದೊಡ್ಡದಲ್ಲ.

ಗೀಸರಿನ ಸ್ಟಾರ್ ಅಂದರೆ ಏನು ಅಂತ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನೀರು ಕಾಯಿಸುವ ಖರ್ಚು ಒಂದು ಸ್ಟಾರಿಗೂ ಐದು ಸ್ಟಾರಿಗೂ ಹೆಚ್ಚುಕಮ್ಮಿ ಒಂದೇ. ಹದಿನೈದು ಲೀಟರನ್ನು ಇಪ್ಪತ್ತು ಡಿಗ್ರಿ ಏರಿಸಲು ಯಾವ ಗೀಸರಾದರೂ ಯುನಿಟ್ಟಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಬೇಕೇ ಬೇಕು. ಸ್ಟಾರ್ ಹೇಳುವುದು ಕಾದ ನೀರು ಟ್ಯಾಂಕಿಯಲ್ಲಿ ನಿಂತಾಗ ಎಷ್ಟು ಬಿಸಿ ಸೋರಿಹೋಗುತ್ತದೆ ಅನ್ನುವುದನ್ನು. ಬೆಳಿಗ್ಗೆ ಸ್ವಿಚ್ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಆಫ್ ಮಾಡುವ ಮನೆಯಲ್ಲಿ ನೀರು ನಿಲ್ಲುವುದೇ ಇಲ್ಲ. ನಾವು ಹಾಗೇ ಮಾಡುವುದು, ಮೂರು ಸ್ಟಾರಿನದ್ದು ಸಾಕಾಗಿದೆ. ಏಪ್ರಿಲ್‌ನಲ್ಲಂತೂ ಟೆರೇಸ್ ಟ್ಯಾಂಕಿಯಿಂದ ಬಿಸಿ ನೀರೇ ಬರುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಅಕ್ಕ ಗೀಸರ್ ಬೆಳಿಗ್ಗೆಯಿಂದ ರಾತ್ರಿ ತನಕ ಆನ್ ಬಿಟ್ಟಿರುತ್ತಾಳೆ, ಭಾವನ ಡ್ಯೂಟಿ ಟೈಮ್ ಹಾಗಿದೆ. ಅವಳಿಗೆ ಐದು ಸ್ಟಾರ್ ಬೇಕು. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅವಳೂ ಹಾಕಿ ನೋಡಿದಳು. ಚಳಿಗಾಲದಲ್ಲಿ ನಲ್ಲಿ ಸಣ್ಣಗೆ ಬಿಟ್ಟರೆ ಮಾತ್ರ ಬಿಸಿ, ಶವರ್ ಅಂತೂ ಆಗದು. ಪಾತ್ರೆ ತೊಳೆಯುವ ಸಿಂಕಿಗೆ ಅದು ಸರಿ.

ಟಿವಿಗೆ ಸ್ಟಾರಿಗಿಂತ ಇಂಚು ಮುಖ್ಯ. ದೊಡ್ಡ ಪರದೆ, ಜಾಸ್ತಿ ಬೆಳಕು, ಜಾಸ್ತಿ ಕರೆಂಟು.

ಇನ್ನು ಬಿಲ್. ಮಹಾರಾಷ್ಟ್ರದಲ್ಲಿ ಮನೆಯ ದರ ನಾಲ್ಕು ಹಂತದಲ್ಲಿ ಏರುತ್ತದೆ: ತಿಂಗಳಿಗೆ 100 ಯುನಿಟ್ ತನಕ, 101ರಿಂದ 300, 301ರಿಂದ 500, ಅದರ ಮೇಲೆ. ಗೆರೆ ದಾಟಿದ ಯುನಿಟ್‌ಗಳಿಗೆ ಮಾತ್ರ ಜಾಸ್ತಿ ದರ. ಡೊಂಬಿವಲಿ, ಪುಣೆ ಎರಡೂ ಕಡೆ ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದ ಕರೆಂಟು, ಮುಂಬೈ ಒಳಗೆ ಬೆಸ್ಟ್, ಟಾಟಾ, ಅದಾನಿ ಬೇರೆ ಬೇರೆ ದರ. ನೀವು ಉಳಿಸುವ ಯುನಿಟ್ ಯಾವಾಗಲೂ ಮೇಲಿನ ಹಂತದ್ದು, ಅಂದರೆ ಅತಿ ದುಬಾರಿಯದ್ದು. ಮೇ ತಿಂಗಳಲ್ಲಿ 300 ದಾಟುವ ನಮ್ಮಂಥ ಮನೆಗೆ ಎಸಿ, ಫ್ಯಾನ್ ಉಳಿಸಿದ್ದಕ್ಕೆ ಬೆಲೆ ಜಾಸ್ತಿ. ಒಬ್ಬರೇ ಇದ್ದು 100ರ ಒಳಗೆ ಮುಗಿಸುವ ಬಾಡಿಗೆ ರೂಮಿನವರು ಐದು ಸ್ಟಾರ್ ಫ್ರಿಜ್ಜಿಗೆ ಸಾಲ ಮಾಡಬೇಕಾಗಿಲ್ಲ.

ಅಂಗಡಿಗೆ ಹೋದಾಗ ಮಾಡಬೇಕಾದ್ದು ಇಷ್ಟು. ನೋಡಿದ ಪ್ರತಿ ಸಾಮಾನಿನ ಚೀಟಿಯ ಫೋಟೋ ತೆಗೆದುಕೊಳ್ಳಿ, ಮಾದರಿ ಸಂಖ್ಯೆ ಮತ್ತು ವರ್ಷ ಕಾಣುವ ಹಾಗೆ. ಬಿಇಇಯದ್ದೇ ಒಂದು ಆಪ್ ಇದೆ, ಬಿಇಇ ಸ್ಟಾರ್ ಲೇಬಲ್ ಅಂತ, ಅದರಲ್ಲಿ ಮಾದರಿ ಹುಡುಕಿ ಚೀಟಿ ನಿಜವೋ ಅಂತ ನೋಡಬಹುದು. ಆಮೇಲೆ ಯುನಿಟ್ ವ್ಯತ್ಯಾಸವನ್ನು ನಿಮ್ಮ ಬಿಲ್ಲಿನ ಮೇಲಿನ ಹಂತದ ದರದಿಂದ ಗುಣಿಸಿ. ಎಸಿಯಾದರೆ ಮೊದಲು ಅದನ್ನು 1600ರಿಂದ ಭಾಗಿಸಿ ನಿಮ್ಮ ಮನೆಯ ಗಂಟೆಯಿಂದ ಗುಣಿಸಿಕೊಳ್ಳಿ. ನಮ್ಮ ಮಗಳ ರೂಮಿಗೆ ಮುಂದಿನ ಬೇಸಿಗೆಗೆ ಎಸಿ ಬರಲಿದೆ, ಅವಳು ಹಾಸ್ಟೆಲಿನಿಂದ ರಜೆಗೆ ಬಂದಾಗ ಮಾತ್ರ ಓಡುವುದು. ಅದಕ್ಕೆ ನಾವು ಮೂರು ಸ್ಟಾರನ್ನೇ ನೋಡುತ್ತಿದ್ದೇವೆ, ಉಳಿದ ಹಣದಲ್ಲಿ ಆ ರೂಮಿಗೂ ಅಡುಗೆಮನೆಗೂ ಎರಡು ಬಿಎಲ್‌ಡಿಸಿ ಫ್ಯಾನ್.