ಪೈಪ್ ಆರ್ಗನ್ ರಿಪೇರಿಗೆ ಕೊಡುವ ಚರ್ಚ್ ಕಮಿಟಿಯವರೇ, ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ಹಳೇ ಪೈಪ್ ಆರ್ಗನ್ (ಕೀ ಒತ್ತಿದರೆ ತಿದಿಯ ಗಾಳಿ ಪೈಪುಗಳಿಗೆ ನುಗ್ಗಿ ನುಡಿಯುವ ಚರ್ಚಿನ ವಾದ್ಯ) ರಿಪೇರಿ ಮಾಡಿಕೊಡುತ್ತೇವೆ ಅಂತ ಬರುವವರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವ ಹಾಗಿಲ್ಲ, ವಕೀಲರು ಬೇಡ ಅಂದಿದ್ದಾರೆ. ಲಕ್ಷಣ ಹೇಳುತ್ತೇನೆ, ನೀವೇ ಗುರುತು ಹಿಡಿಯಿರಿ.

ನಮ್ಮ ಆರ್ಗನ್ನಿಗೆ ನೂರು ವರ್ಷ ದಾಟಿದೆ. ಎಷ್ಟೋ ಕಾಲದಿಂದ ಯಾರೂ ಮುಟ್ಟಿರಲಿಲ್ಲ. ತಿದಿಯ ಚರ್ಮ ಇಲಿ ಕಡಿದಿತ್ತು. ಚಾವಣಿ ಸೋರಿ, ಪೈಪುಗಳಿಗೆ ಗಾಳಿ ಹಂಚುವ ಗಾಳಿಪೆಟ್ಟಿಗೆಯ ಮರ ಅಲ್ಲಲ್ಲಿ ಉಬ್ಬಿತ್ತು. ಮೋಟಾರ್ ಹಾಕಿದರೆ ಸಾಕು, ಯಾರೂ ಒತ್ತದ ಸ್ವರವೊಂದು ಕೂಗುತ್ತಲೇ ಇರುತ್ತಿತ್ತು. ಮೇಲೊಂದು ಬಟ್ಟೆ ಹೊದಿಸಿ, ಪಕ್ಕದಲ್ಲಿ ಕೀಬೋರ್ಡ್ ಇಟ್ಟುಕೊಂಡು ಆರಾಧನೆ ನಡೆಸುತ್ತಿದ್ದೆವು. ಆದರೆ ಅದು ಸತ್ತಿರಲಿಲ್ಲ. ಮತ್ತೆ ಹೇಳುತ್ತೇನೆ, ಸತ್ತಿರಲಿಲ್ಲ! ಚರ್ಮ ಹೇಗೂ ಕೆಲವು ದಶಕಕ್ಕೊಮ್ಮೆ ಬದಲಾಯಿಸಲೇಬೇಕಾದದ್ದು. ತವರ, ಸೀಸ ಬೆರೆಸಿ ಮಾಡಿದ ಪೈಪುಗಳು ಶತಮಾನಗಟ್ಟಲೆ ಬಾಳುತ್ತವೆ. ನಮ್ಮಲ್ಲಿ ಕೆಟ್ಟಿದ್ದು ಚರ್ಮ, ಮಾಯವಾಗಿದ್ದು ಪೈಪು.

ಬಂದರು, ನೋಡಿದರು, ಅಡ್ವಾನ್ಸ್ ತೆಗೆದುಕೊಂಡರು. ಒಳಗಿನ ಲೋಹದ ಪೈಪುಗಳನ್ನೆಲ್ಲ ವರ್ಕ್‌ಶಾಪಿಗೆ ಅಂತ ಲಾರಿಗೆ ತುಂಬಿದರು. ಪಟ್ಟಿ ಕೇಳಿದ್ದಕ್ಕೆ "ಪ್ರತಿ ಪೈಪ್ ಮೇಲೂ ಸ್ವರದ ಅಕ್ಷರ ಇದೆ ಸರ್, ಕಳೆದುಹೋಗೋಕೆ ಚಾನ್ಸೇ ಇಲ್ಲ" ಅಂದರು. ಅದೇನೋ ನಿಜ, ಅಕ್ಷರ ಗೀರಿರುತ್ತಾರೆ. ಆಮೇಲೆ ಚರ್ಚಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದರು, "ಧೂಳು ಆಗಬಾರದು" ಅಂತ. ಮುಗಿದ ಭಾನುವಾರ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೈಕ್ ಹಿಡಿದು ಅವರನ್ನು ಬಾಯ್ತುಂಬ ಹೊಗಳಿದ್ದು ನಾನು. ಆ ವಿಡಿಯೋ ಇನ್ನೂ ಗ್ರೂಪಿನಲ್ಲಿ ಓಡಾಡುತ್ತಿದೆ, ದಯವಿಟ್ಟು ಡಿಲೀಟ್ ಮಾಡಿ.

ಅನುಮಾನ ಬಂದಿದ್ದು ಶ್ರುತಿಯಿಂದ. ಬಿಸಿ ಏರಿದರೆ ಕೊಳಲಿನ ಜಾತಿಯ ಪೈಪುಗಳ ಶ್ರುತಿ ಏರುತ್ತದೆ, ಲೋಹದ ನಾಲಗೆ ಅದುರಿ ನುಡಿಯುವ ರೀಡ್ ಪೈಪುಗಳದ್ದು ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಸುಡುವ ಮಧ್ಯಾಹ್ನದಲ್ಲಿ ಎರಡನ್ನೂ ಸೇರಿಸಿ ನುಡಿಸಿದರೆ ಕಿವಿಗೆ ಕಿರಿಕಿರಿ ಆಗಲೇಬೇಕು. ನಮ್ಮದು ಬೆಳಗ್ಗೆಯೂ ಒಂದೇ, ಮಧ್ಯಾಹ್ನವೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನುಡಿಸುವ ಹುಡುಗಿಗೆ ಕೀ ಒತ್ತಿ ಹಿಡಿಯಮ್ಮಾ ಅಂದು, ನೋಟ್‌ಬುಕ್ಕಿನಿಂದ ಒಂದು ಕಾಗದದ ಚೂರು ಹರಿದು ಮುಂದಿನ ಸಾಲಿನ ದೊಡ್ಡ ಪೈಪಿನ ಬಾಯಿಗೆ ಹಿಡಿದೆ. ಗಾಳಿ ಬರುತ್ತಿದ್ದರೆ ಕಾಗದ ಪಟಪಟ ಅನ್ನಬೇಕು. ಸ್ವರ ಇಡೀ ಚರ್ಚು ತುಂಬಿತ್ತು, ಕಾಗದ ಮಿಸುಕಲಿಲ್ಲ. ಪಕ್ಕದ್ದಕ್ಕೆ ಹಿಡಿದೆ. ಇಲ್ಲ. ಆ ಹುಡುಗಿ "ಅಂಕಲ್, ಏನಾಯ್ತು?" ಅಂತ ಕೇಳುತ್ತಲೇ ಇದ್ದಳು, ನನಗೆ ಬಾಯಿ ಬರಲಿಲ್ಲ.

ಅಲ್ಲಿಂದಲೇ ರಿಪೇರಿ ಮಾಡಿದವನಿಗೆ ಫೋನ್ ಮಾಡಿದೆ. "ಮುಂದಿನ ಸಾಲು ಶೋಗೆ ಸರ್, ಎಷ್ಟೋ ಆರ್ಗನ್‌ಗಳಲ್ಲಿ ಮೂಕ ಪೈಪೇ ಇರೋದು" ಅಂದ. ಎಷ್ಟೋ ಆರ್ಗನ್‌ಗಳಲ್ಲಿ ಇರಬಹುದಪ್ಪಾ, ನಮ್ಮದರಲ್ಲಿ ಅವು ನುಡಿಯುತ್ತಿದ್ದವು, ನಾನೇ ಕೇಳಿದ್ದೇನೆ! ಹಿಂದಿನ ಹಲಗೆ ಬಿಚ್ಚಿಸಿದೆವು. ಪೈಪುಗಳಿದ್ದ ಜಾಗದಲ್ಲಿ ಸ್ಪೀಕರ್ ಡಬ್ಬಗಳು. ಗಾಳಿ ಬರುವ ತೂತುಗಳಿಗೆಲ್ಲ ಟೇಪು. ತಿದಿಗೆ ಚರ್ಮದ ಬದಲು ರೆಕ್ಸಿನ್, ಅದೂ ಸಿಲಿಕಾನ್ ಬಳಿದು.

ಮತ್ತೆ ಫೋನ್. ಈಗ ಮಾತಿನ ಧಾಟಿಯೇ ಬೇರೆ. "ಹೈಬ್ರಿಡ್ ಅಂತಾರೆ ಸರ್, ಈಗ ಎಲ್ಲಾ ಕಡೆ ಹೀಗೇ." ಪೈಪಿನ ಜೊತೆ ಎಲೆಕ್ಟ್ರಾನಿಕ್ ಸ್ವರವನ್ನೂ ಸೇರಿಸಿದ ಹೈಬ್ರಿಡ್ ಆರ್ಗನ್ ಇವೆ, ಒಪ್ಪಿದೆ. ಕೊಟೇಶನ್‌ನಲ್ಲಿ ಆ ಮಾತು ಎಲ್ಲಿತ್ತು? ಅಷ್ಟಕ್ಕೂ ಅದರಲ್ಲಿ ಪೈಪು ನುಡಿಯಬೇಡವೇ? "ಪೈಪುಗಳು ಎಲ್ಲಿ?" ಅಂದರೆ "ತವರಕ್ಕೆ ರೋಗ ಬಂದಿತ್ತು ಸರ್, ಇಟ್ಟರೆ ಬೇರೆದಕ್ಕೂ ಹರಡುತ್ತೆ, ಅದಕ್ಕೇ ವಿಲೇವಾರಿ ಮಾಡಿದ್ವಿ." ಶುದ್ಧ ತವರ 13 ಡಿಗ್ರಿಗಿಂತ ಕೆಳಗೆ ಬಹುಕಾಲ ಇದ್ದರೆ ಬೂದುಬಣ್ಣದ ಪುಡಿಯಾಗಬಹುದು, ಸರಿ. ಸೀಸ ಬೆರೆತರೆ ಅದನ್ನೂ ತಡೆಯುತ್ತದೆ. ನಮ್ಮ ಚರ್ಚಿನಲ್ಲಿ ಅಂಥ ಚಳಿ ಯಾವ ಕಾಲಕ್ಕೂ ಇಲ್ಲ. ಪ್ಯಾರಿಸ್ಸಿನ ದೊಡ್ಡ ಚರ್ಚಾದ ನೋತ್ರ್ ದಾಮ್‌ಗೆ 2019ರಲ್ಲಿ ಬೆಂಕಿ ಬಿದ್ದು ಆರ್ಗನ್ ತುಂಬ ಸೀಸದ ಧೂಳು ಕೂತಾಗ ಸುಮಾರು 8,000 ಪೈಪು ಬಿಚ್ಚಿ, ತೊಳೆದು, ವಾಪಸ್ ಕೂರಿಸಿದರು, 2024ರ ಡಿಸೆಂಬರಿನಲ್ಲಿ ಅದು ಮತ್ತೆ ನುಡಿಯಿತು. ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: "ನಿಮಗೆ ಸೌಂಡ್ ಬೇಕಾ, ಪೈಪ್ ಬೇಕಾ ಸರ್?"

ಇದಾದ ಮೇಲೂ ಬಾಕಿ ಹಣ ಕೇಳಿ ಮೆಸೇಜ್ ಹಾಕಿದ್ದಾರೆ. ಕೊನೆಗೆ ಕೈ ಮುಗಿಯುವ ಇಮೋಜಿ ಬೇರೆ.

ನೀವು ಮಾಡಬೇಕಾದ್ದು ಇಷ್ಟೆ. ಪ್ರತಿ ಪೈಪಿನ ಫೋಟೋ, ಅಳತೆ, ಸಹಿ ಮಾಡಿದ ಪಟ್ಟಿ ಇಲ್ಲದೆ ಒಂದು ಪೈಪೂ ಬಾಗಿಲು ದಾಟಬಾರದು. ಬೀಗ ಹಾಕಿಕೊಂಡು ಕೆಲಸ ಮಾಡುತ್ತೇವೆ ಅಂದರೆ ಅಲ್ಲೇ ಬಾಗಿಲು ತೋರಿಸಿ. ಕಾಗದದ ಚೂರು ಜೇಬಿನಲ್ಲಿರಲಿ.

ಬೇರೊಬ್ಬ ನುರಿತವರು ಬಂದು ನೋಡಿ ಹೋದರು. ಮರದ ಪೈಪುಗಳು ಉಳಿದಿವೆ, ಗಾಳಿಪೆಟ್ಟಿಗೆ ರಿಪೇರಿಯಾಗುತ್ತದೆ, ಪೈಪುಗಳನ್ನು ನೆಟ್ಟಗೆ ನಿಲ್ಲಿಸುವ ಹಲಗೆಯ ತೂತುಗಳಿಂದ ಕಳೆದುಹೋದವುಗಳ ದಪ್ಪ ಲೆಕ್ಕ ಹಾಕಿ ಹೊಸದು ಮಾಡಬಹುದು ಅಂದಿದ್ದಾರೆ. ಹಣ ಎಲ್ಲಿಂದ ಅನ್ನುವುದು ಬೇರೆ ಮಾತು. ಆದರೆ ಹಳೇದು ಸಿಕ್ಕರೆ ಅದೇ ಬೇಕು. ಗುಜರಿಯಲ್ಲೋ, ಅಲಂಕಾರದ ಸಾಮಾನು ಮಾರುವವರ ಹತ್ತಿರವೋ ಬೂದು ಲೋಹದ ಪೈಪುಗಳು ಕಂಡರೆ ತಿರುಗಿಸಿ ನೋಡಿ. ಮೊನೆಯಿಂದ ಗೀರಿದ ಸ್ವರದ ಅಕ್ಷರ ಇದ್ದರೆ, ಕರಗಿಸಲು ಬಿಡಬೇಡಿ, ಫೋಟೋ ತೆಗೆದು ನನಗೆ ಕಳಿಸಿ.