ಕೋಳಿ ಶೆಡ್ಡಿಗೆ ಬೆಲ್ ಡ್ರಿಂಕರೋ, ನಿಪ್ಪಲ್ಲೋ?

ಚಳಿ ಶುರುವಾದರೆ ಮುಧೋಳದ ಕಡೆ ಬಾಯ್ಲರ್ ಕೋಳಿ ಸಾಕುವ ನಾವೆಲ್ಲ ಶೆಡ್ಡಿನ ಸುತ್ತ ತಾಡಪತ್ರಿ ಇಳಿಸುತ್ತೇವೆ. ಮರಿಗಳಿಗೆ ಬೆಚ್ಚಗಿರಬೇಕಲ್ವಾ? ಆದರೆ ಗಾಳಿಯಾಡದ ಶೆಡ್ಡಿನಲ್ಲಿ ಒಂದು ಮರಿಗೆ ಬಂದ ಇ-ಕೊಲೈ ಎಂಬ ಬ್ಯಾಕ್ಟೀರಿಯಾದ ಕಾಯಿಲೆ ಬೇಗ ಎಲ್ಲಕ್ಕೂ ಹಬ್ಬುತ್ತದೆ. ಅದಕ್ಕೆ ನೀರೂ ಒಂದು ದೊಡ್ಡ ದಾರಿ. ನೀರು ಕುಡಿಸಲು ನಮ್ಮ ಒಂದು ಶೆಡ್ಡಿನಲ್ಲಿ ಗಂಟೆಯಾಕಾರದ ಬೆಲ್ ಡ್ರಿಂಕರ್ ಇದೆ, ಇನ್ನೊಂದರಲ್ಲಿ ನಿಪ್ಪಲ್, ಅಂದರೆ ಕೋಳಿ ಕುಕ್ಕಿದಾಗ ಹನಿ ಬಿಡುವ, ಪೈಪಿಗೆ ಹಾಕಿದ ಪುಟ್ಟ ನಲ್ಲಿ. ಮರಿ, ಫೀಡು, ನೆಲಕ್ಕೆ ಹಾಸುವ ಹೊಟ್ಟು ಎರಡಕ್ಕೂ ಒಂದೇ.

ಬೆಲ್ ತೆರೆದ ತಟ್ಟೆ. ಕಾಯಿಲೆ ಕೋಳಿ ಕೊಕ್ಕು ಅದ್ದಿದ ನೀರನ್ನೇ ಉಳಿದವೂ ಕುಡಿಯುತ್ತವೆ. ಹೊಟ್ಟು, ಹಿಕ್ಕೆ ಎಲ್ಲ ಅದರೊಳಗೇ. ದಿನಾ ಬೆಳಿಗ್ಗೆ ಉಜ್ಜಿ ತೊಳೆದರೂ ಮಧ್ಯಾಹ್ನಕ್ಕೆ ಮತ್ತೆ ಕದಡಿರುತ್ತದೆ. ಇದಕ್ಕಿಂತ ಕೆಟ್ಟದ್ದು ಚೆಲ್ಲುವ ನೀರು. ಬೆಲ್ ಕೆಳಗಿನ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ, ಉಂಡೆ ಕಟ್ಟುತ್ತದೆ. ಒದ್ದೆ ಹೊಟ್ಟಿನಿಂದ ಅಮೋನಿಯಾ ಏಳುತ್ತದೆ. ಅದು 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿದರೆ ಕೋಳಿಯ ಗಾಳಿನಾಳದಲ್ಲಿ ಧೂಳು ತಡೆಯುವ ಸಣ್ಣ ರೋಮಗಳು ಹಾಳಾಗುತ್ತವೆ. ಆಮೇಲೆ ಧೂಳಿನ ಜೊತೆ ಬ್ಯಾಕ್ಟೀರಿಯಾ ನೇರ ಒಳಗಿಳಿಯುತ್ತದೆ. ಸತ್ತ ಕೋಳಿ ಕೊಯ್ದರೆ ಗುಂಡಿಗೆ, ಪಿತ್ತಜನಕಾಂಗದ ಮೇಲೆ ಬಿಳಿ ಪೊರೆ ಕಾಣುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಪ್ಪಲ್ ಶೆಡ್ಡಿನಲ್ಲಿ ಹೊಟ್ಟು ಪುಡಿಪುಡಿಯಾಗೇ ಇರುತ್ತದೆ, ಕಣ್ಣುರಿ ಇಲ್ಲ. ಸಾವೂ ಕಡಿಮೆ.

ಆದರೆ ನಿಪ್ಪಲ್ ಹಾಕಿಸಿ ಸುಮ್ನೆ ಕೂರುವ ಹಾಗಿಲ್ಲ. ಪೈಪಿನ ತುದಿಯ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ, ಲೋಳೆ ಹತ್ತುತ್ತದೆ. ಬ್ಯಾಕ್ಟೀರಿಯಾ ಮನೆ ಮಾಡುವುದು ಅದರಲ್ಲೇ. ವಿಟಮಿನ್, ಬೆಲ್ಲದ ನೀರು ಬಿಟ್ಟ ಮೇಲೆ ಅದು ಜಾಸ್ತಿ. ಬರೀ ಕ್ಲೋರಿನ್ ಹಾಕಿದರೆ ಸಾಲದು. ನಮ್ಮ ಬೋರಿನದು ಸವಳು ನೀರು. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಹೆಚ್ 8 ದಾಟಿದರೆ ಕ್ಲೋರಿನ್ನಿನ ಬಲ ಬಹಳ ಇಳಿಯುತ್ತದೆ, ಮೊದಲು ಪಿಹೆಚ್ ಇಳಿಸುವ ಆಸಿಡಿಫೈಯರ್ ಬೇಕು. ಕ್ಲೋರಿನ್ನನ್ನು ಟಾಕಿಯಲ್ಲಲ್ಲ, ಕೊನೆಯ ನಿಪ್ಪಲ್ಲಿನಲ್ಲಿ ಅಳೆಯಬೇಕು. 3ರಿಂದ 5 ಪಿಪಿಎಂ ಇದ್ದರೆ ಸರಿ. ನೀರಿನಲ್ಲಿ ಲಸಿಕೆ ಕೊಡುವಾಗ ಮಾತ್ರ ಕ್ಲೋರಿನ್ ನಿಲ್ಲಿಸಿ, ಇಲ್ಲದಿದ್ದರೆ ಲಸಿಕೆಯೇ ಸಾಯುತ್ತದೆ. ಬ್ಯಾಚ್ ಖಾಲಿಯಾದಾಗ ಹೈಡ್ರೋಜನ್ ಪೆರಾಕ್ಸೈಡ್ ತುಂಬಿಸಿಟ್ಟು, ಜೋರಾಗಿ ನೀರು ಬಿಟ್ಟು ತೊಳೆಯಬೇಕು.

ಬೇಸಿಗೆಯಲ್ಲಿ ಮಾತ್ರ ಬೆಲ್ಲೇ ಮೇಲು. ಏಪ್ರಿಲ್ ಬಿಸಿಲಿಗೆ ಪೈಪಿನ ನೀರು ಕಾಯುತ್ತದೆ, ಕೋಳಿ ಸರಿಯಾಗಿ ಕುಡಿಯಲ್ಲ. ಆಗ ತಾಡಪತ್ರಿಯೂ ಮೇಲಿರುತ್ತದೆ, ಗಾಳಿ ಓಡಾಡುತ್ತದೆ. ಚಳಿಗಾಲದ ಬ್ಯಾಚಿಗಾದರೆ ನನ್ನ ಮತ ನಿಪ್ಪಲ್ಲಿಗೇ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಬೆಲ್ಲನ್ನೇ ಇಟ್ಟುಕೊಳ್ಳಿ, ಆದರೆ ಅದರ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಲಿ, ಚೆಲ್ಲುವುದು ಕಡಿಮೆಯಾಗುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ತಾಡಪತ್ರಿಯ ಮೇಲಂಚನ್ನು ಒಂದು ಅಡಿ ಕೆಳಗೆ ಸರಿಸಿ, ಮೇಲೆ ಸಂದು ಮಾಡಿ ಗಾಳಿ ಬಿಡಿ.